ಮೊದಲು ಯಾರನ್ನು ಕೇಳೋದು? ಲಿನಕ್ಸ್ ಹೆಸರು ಹುಡುಕುವ ಬಗೆ

ನಮ್ಮ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಸ್ಕ್ರೀನ್ ಒಡೆದಿದೆ, ಬ್ಯಾಟರಿ ಸತ್ತಿದೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಫೋಟೊ ತುಂಬಿಡುವ ಸರ್ವರ್ ಮಾಡಿಕೊಂಡಿದ್ದೇನೆ. ಎಲ್ಲಿಡೋದು ಅಂತ ಗೊತ್ತಾಗದ ಸಾಮಾನೆಲ್ಲ ಅಲ್ಲಿಗೇ ಹೋಗುವುದರಿಂದ ಅದರ ಹೆಸರು 'ಅಟ್ಟ'. ಮೊನ್ನೆ ರೂಟರ್ ಬದಲಾಯಿಸಿದೆ. ಅವತ್ತಿನಿಂದ ಅಟ್ಟ ಸಿಗುವುದು ನಿಂತುಹೋಯಿತು.

ರೂಟರ್‌ನ ಪುಟ ತೆರೆದು ನೋಡಿದರೆ ಅಟ್ಟ ಹಾಜರಿದೆ, ವಿಳಾಸ 192.168.1.35. ಹೆಸರಿಗೆ ವಿಳಾಸ ಹುಡುಕಿಕೊಡುವ 'ಡಿಗ್' ಎಂಬ ಕಮಾಂಡ್ ಕೊಟ್ಟು ಕೇಳಿದೆ. ಅದೂ 192.168.1.35 ಅಂದಿತು. ಸರಿ ಅಂತ, ಯಂತ್ರ ಓಗೊಡುತ್ತದಾ ಎಂದು ನೋಡುವ 'ಪಿಂಗ್' ಕೊಟ್ಟರೆ, ಅದು 192.168.1.20ಕ್ಕೆ ಹೋಗಿ ಬಾಗಿಲು ಬಡಿಯುತ್ತಾ ಕೂತಿತು. ಯಾರೂ ತೆಗೆಯಲಿಲ್ಲ. ಕೇಳಿದ್ದು ಒಂದೇ ಲ್ಯಾಪ್‌ಟಾಪಿನಿಂದ, ಒಂದೇ ಹೆಸರನ್ನು, ಅರ್ಧ ನಿಮಿಷದ ಅಂತರದಲ್ಲಿ. ಉತ್ತರ ಮಾತ್ರ ಎರಡು. ನಾನು ಮೂರು ಸಲ ರೂಟರ್ ಆಫ್ ಮಾಡಿ ಆನ್ ಮಾಡಿದೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಇಂಥ ಗೊಂದಲ ಒಂದು ಕಾಲದಲ್ಲಿ ಆಫೀಸಿನ ಸಿಸ್ಟಮ್ ಅಡ್ಮಿನ್‌ಗಳ ಪಾಡು. ಈಗ ಹಾಗಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹತ್ತದ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದವರು ಉಬುಂಟು, ಮಿಂಟ್ ಅಂತ ಯಾವುದಾದರೊಂದು ಬಗೆಯ ಲಿನಕ್ಸ್ ಹಾಕಿಕೊಳ್ಳುತ್ತಿದ್ದಾರೆ. ಕಾಲೇಜು ಹುಡುಗರು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುತ್ತಾರೆ, ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಬಳಸುತ್ತಾರೆ. ಒಂದಲ್ಲ ಒಂದು ದಿನ ಅವರೆಲ್ಲ ಒಂದು ಪುಟ್ಟ ಫೈಲಿಗೆ ಎಡವುತ್ತಾರೆ: /ಇಟಿಸಿ/ಎನ್‌ಎಸ್‌ಸ್ವಿಚ್.ಕಾನ್ಫ್. ಸಾಮಾನ್ಯವಾಗಿ ಇಪ್ಪತ್ತು ಸಾಲಿನ ಆಸುಪಾಸಿನ ಫೈಲು. ಒಂದು ಹೆಸರಿಗೆ ಉತ್ತರ ಬೇಕಾದಾಗ ಯಾರನ್ನು ಮೊದಲು ಕೇಳಬೇಕು, ಆಮೇಲೆ ಯಾರನ್ನು, ಎಲ್ಲಿಗೆ ಕೈಬಿಡಬೇಕು ಅನ್ನುವುದನ್ನು ತೀರ್ಮಾನಿಸುವುದು ಇದೇ.

ಒಂದು ಮಾತು. ಫೈಲು, ಕಮಾಂಡುಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಹೆಸರು ನಮಗೆ, ನಂಬರು ಅದಕ್ಕೆ

ಕಂಪ್ಯೂಟರ್ ಒಳಗೆ ಹೆಸರಿಗೆ ಅಂಥ ಬೆಲೆ ಇಲ್ಲ. ನೆಟ್‌ವರ್ಕ್‌ನಲ್ಲಿ ಇನ್ನೊಂದು ಯಂತ್ರವನ್ನು ತಲುಪಲು ಅದಕ್ಕೆ ಐಪಿ ವಿಳಾಸ ಬೇಕು. ಫೈಲು ಯಾರದು ಅಂತ ತಿಳಿಯಲು ಬಳಕೆದಾರರ ನಂಬರ್ ಬೇಕು. ಅದನ್ನು ಯುಐಡಿ ಅನ್ನುತ್ತಾರೆ. 'ಅಟ್ಟ', 'ಸುಮಾ' ಅನ್ನುವುದೆಲ್ಲ ನಮ್ಮ ಅನುಕೂಲಕ್ಕೆ.

ಐಪಿ ವಿಳಾಸದ ವಿಷಯ ಬಹಳ ಜನರಿಗೆ ಗೊತ್ತು. ಬಳಕೆದಾರರೂ ಬರೀ ನಂಬರೇ ಅನ್ನೋದು ಮಾತ್ರ ಹೊಸಬರಿಗೆ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆರೆದು 'ಎಲ್‌ಎಸ್ -ಎಲ್' ಕೊಡಿ. ಫೈಲುಗಳ ಪಟ್ಟಿ ಬರುತ್ತದೆ, ಪ್ರತಿ ಸಾಲಿನಲ್ಲೂ ಮಾಲೀಕರ ಹೆಸರು: ಸುಮಾ, ಸುಮಾ, ಸುಮಾ. ಈಗ 'ಎಲ್‌ಎಸ್ -ಎಲ್‌ಎನ್' ಕೊಡಿ. ಅದೇ ಪಟ್ಟಿ, ಆದರೆ ಸುಮಾ ಇದ್ದ ಕಡೆಯೆಲ್ಲ 1000. ಡಿಸ್ಕ್‌ನಲ್ಲಿ ನಿಜವಾಗಿ ಬರೆದಿರುವುದು ಈ 1000 ಮಾತ್ರ. ಮೊದಲ ಸಲ ಹೆಸರು ಕಂಡಿದ್ದು ಹೇಗೆ ಅಂದರೆ, ಎಲ್‌ಎಸ್ ತೋರಿಸುವ ಹೊತ್ತಿಗೆ '1000 ಅಂದರೆ ಯಾರು?' ಅಂತ ಕೇಳಿಕೊಂಡು ಬಂದಿತ್ತು.

ಯಾರನ್ನು ಕೇಳಿತು? ಮನೆಯ ಯಂತ್ರದಲ್ಲಾದರೆ /ಇಟಿಸಿ/ಪಾಸ್‌ವರ್ಡ್ ಎಂದು ಓದುವ ಒಂದು ಫೈಲನ್ನು. ಬರೆಯುವಾಗ ಅದರಲ್ಲಿ ಎರಡು ಅಕ್ಷರ ನುಂಗಿಬಿಡುತ್ತಾರೆ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ ಮಂದಿಗೆ ಮೊದಲಿನಿಂದಲೂ ಟೈಪ್ ಮಾಡಲು ಸೋಮಾರಿತನ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು, ಸಾಲಿನಲ್ಲಿ ಕೋಲನ್‌ನಿಂದ ಬೇರೆ ಮಾಡಿದ ಏಳು ಖಾನೆ:

ಸುಮಾ:ಎಕ್ಸ್:1000:1000:ಸುಮಾ:/ಹೋಮ್/ಸುಮಾ:/ಬಿನ್/ಬ್ಯಾಶ್

ಮೊದಲಿಗೆ ಹೆಸರು, ಮೂರನೆಯದು ಯುಐಡಿ, ನಾಲ್ಕನೆಯದು ಗುಂಪಿನ ನಂಬರ್, ಕೊನೆಯಲ್ಲಿ ಮನೆ ಫೋಲ್ಡರ್ ಮತ್ತು ಶೆಲ್, ಅಂದರೆ ಟೈಪ್ ಮಾಡಿದ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ. ಎರಡನೆಯ ಖಾನೆಯ 'ಎಕ್ಸ್' ಇದ್ದ ಜಾಗದಲ್ಲಿ ಹಿಂದೆ ಗೂಢಲಿಪಿ ಮಾಡಿದ ಪಾಸ್‌ವರ್ಡ್ ಇರುತ್ತಿತ್ತು. ಈಗ ಅದು 'ಶ್ಯಾಡೋ' ಎಂಬ ಬೇರೆ ಫೈಲಿಗೆ ಹೋಗಿದೆ. ಅಲ್ಲಿಗೆ ಪಾಸ್‌ವರ್ಡ್ ಹೆಸರಿನ ಫೈಲಿನಲ್ಲಿ ಪಾಸ್‌ವರ್ಡೇ ಇಲ್ಲ.

ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲ ಬಳಕೆದಾರರಿಗೆ ಸಿಗುವ ನಂಬರ್ 1000. ಇದರಿಂದ ಒಂದು ತಮಾಷೆಯೂ ಆಗುತ್ತದೆ. ಗೆಳೆಯನೊಬ್ಬ ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿಯಲ್ಲಿದ್ದ ತನ್ನ ಹಾರ್ಡ್ ಡಿಸ್ಕ್ ತಂದು ನನ್ನ ಯಂತ್ರಕ್ಕೆ ಚುಚ್ಚಿದ. ಅವನ ಫೈಲುಗಳ ಮುಂದೆಲ್ಲ ನನ್ನ ಹೆಸರು! ಅವನ ಯಂತ್ರದಲ್ಲಿ ಅವನು 1000, ನನ್ನ ಯಂತ್ರದಲ್ಲಿ ನಾನು 1000. ಡಿಸ್ಕ್ ಹೇಳಿದ್ದು ನಂಬರ್ ಮಾತ್ರ. ಅದಕ್ಕೆ ನನ್ನ ಹೆಸರು ಹಚ್ಚಿದ್ದು ನನ್ನ ಯಂತ್ರದ ಪಟ್ಟಿ.

ಗೋಡೆ, ಡೈರೆಕ್ಟರಿ, 197

ಲ್ಯಾಂಡ್‌ಲೈನ್ ಕಾಲ ನೋಡಿದವರಿಗೆ ಮುಂದಿನದು ಸಲೀಸು. ಫೋನ್ ಇದ್ದ ಮೂಲೆಯ ಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ನಾಲ್ಕಾರು ನಂಬರ್ ಗೀಚಿರುತ್ತಿತ್ತು: ಮಾವನ ಮನೆ, ಡಾಕ್ಟರು, ಗ್ಯಾಸ್ ಏಜೆನ್ಸಿ. ಗೋಡೆಯಲ್ಲಿ ಇಲ್ಲದಿದ್ದರೆ ಫೋನ್ ಕೆಳಗೆ ಒರಗಿಸಿಟ್ಟ ದಪ್ಪ ಡೈರೆಕ್ಟರಿ. ಅದರಲ್ಲೂ ಸಿಗದಿದ್ದರೆ ಫೋನ್ ನಂಬರ್ ತಿಳಿಸುವ ವಿಚಾರಣೆ ಸೇವೆಯಾದ 197ಕ್ಕೆ ಫೋನ್ ಮಾಡಿ ವಿಚಾರಿಸುವುದು.

ಮೂರಕ್ಕೂ ಅದರದರ ಗುಣ ಇತ್ತು. ಗೋಡೆ ಕಣ್ಣೆದುರೇ ಇದೆ, ತಕ್ಷಣ ಸಿಗುತ್ತದೆ, ಕರೆಂಟ್ ಹೋದರೂ ಓದಬಹುದು. ಆದರೆ ಮಾವ ಮನೆ ಬದಲಾಯಿಸಿದರೆ ಗೋಡೆಗೆ ಗೊತ್ತಾಗುವುದಿಲ್ಲ. 197ಕ್ಕೆ ಹೊಸ ನಂಬರ್ ಗೊತ್ತಿರುತ್ತದೆ, ಆದರೆ ಲೈನ್ ಸಿಗಬೇಕಲ್ಲ. ಹಾಗಾಗಿ ಮನೆಯಲ್ಲಿ ಒಂದು ಕಟ್ಟಳೆ: ಮೊದಲು ಗೋಡೆ ನೋಡು, ಆಮೇಲೆ ಪುಸ್ತಕ, ಕೊನೆಗೆ 197. ಎನ್‌ಎಸ್‌ಸ್ವಿಚ್.ಕಾನ್ಫ್ ಅಂದರೆ ಈ ಕಟ್ಟಳೆಯನ್ನು ಬರೆದಿಟ್ಟ ಚೀಟಿ. ಅದರೊಳಗೆ ಯಾರ ನಂಬರೂ ಇಲ್ಲ. ಎಲ್ಲಿ, ಯಾವ ಕ್ರಮದಲ್ಲಿ ನೋಡಬೇಕು ಅನ್ನುವುದಷ್ಟೇ ಇದೆ.

ಕಂಪ್ಯೂಟರ್ ಲೋಕದಲ್ಲೂ ಮೊದಲು ಇದ್ದಿದ್ದು ಗೋಡೆ ಮಾತ್ರ. ಇಂಟರ್‌ನೆಟ್‌ನ ಮೂಲವಾದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸ ಒಂದೇ ಫೈಲಿನಲ್ಲಿತ್ತು. ಅದನ್ನು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದರೆ ಅವರಿಗೆ ತಿಳಿಸಬೇಕು. ಅವರು ಫೈಲು ತಿದ್ದುತ್ತಾರೆ, ಉಳಿದವರೆಲ್ಲ ಅದನ್ನು ಇಳಿಸಿಕೊಳ್ಳುತ್ತಾರೆ. ಊರು ಬೆಳೆದ ಹಾಗೆ ಇದು ಸಾಗದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ವ್ಯವಸ್ಥೆ ರೂಪಿಸಿದರು. ಹೆಸರುಗಳ ಲೆಕ್ಕ ಒಬ್ಬರ ಕೈಯಲ್ಲಿರದೆ ಊರೂರಿನ ಸರ್ವರ್‌ಗಳಿಗೆ ಹಂಚಿಹೋಯಿತು. ನಮ್ಮ 197 ಇದೇ. ಹಳೆಯ ಫೈಲಿನ ವಂಶದ ಕುಡಿ ಮಾತ್ರ ಇವತ್ತಿಗೂ ಪ್ರತಿ ಯಂತ್ರದಲ್ಲೂ ಉಳಿದಿದೆ, /ಇಟಿಸಿ/ಹೋಸ್ಟ್ಸ್ ಎಂಬ ಹೆಸರಿನಲ್ಲಿ.

ನಡುವಿನ ಡೈರೆಕ್ಟರಿ ಬಂದಿದ್ದು ಆಫೀಸುಗಳಿಂದ. ನೂರು ಯಂತ್ರ ಇರುವಲ್ಲಿ ಹೊಸಬರೊಬ್ಬರು ಕೆಲಸಕ್ಕೆ ಸೇರಿದರೆ ನೂರು ಪಾಸ್‌ವರ್ಡ್ ಫೈಲು ತಿದ್ದಲು ಆಗುತ್ತದಾ? 1980ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಒಂದು ಸರ್ವರ್‌ನಲ್ಲಿ ಪಟ್ಟಿ ಇಟ್ಟು ಉಳಿದವು ಅದನ್ನೇ ಕೇಳುವ ಹಾಗೆ ಮಾಡಿತು. ಅದಕ್ಕಿಟ್ಟ ಹೆಸರು 'ಯೆಲ್ಲೋ ಪೇಜಸ್'. ಫೋನ್ ಡೈರೆಕ್ಟರಿಯ ಹೋಲಿಕೆ ನನ್ನದೇನೂ ಹೊಸತಲ್ಲ, ಅವರೇ ಇಟ್ಟಿದ್ದು. ಆ ಹೆಸರಿನ ಹಕ್ಕು ಬ್ರಿಟನ್‌ನಲ್ಲಿ ಬ್ರಿಟಿಷ್ ಟೆಲಿಕಾಂ ಬಳಿ ಇತ್ತು, ಹಾಗಾಗಿ ಎನ್‌ಐಎಸ್ ಅಂತ ಬದಲಾಯಿತು. ಆದರೂ ಅದರ ಕಮಾಂಡುಗಳು ಇಂದಿಗೂ 'ವೈಪಿ' ಎಂದೇ ಶುರುವಾಗುತ್ತವೆ. ಈಗ ಆ ಜಾಗದಲ್ಲಿ ಹೆಚ್ಚಾಗಿ ಎಲ್‌ಡ್ಯಾಪ್ ಎಂಬ ಡೈರೆಕ್ಟರಿ ವ್ಯವಸ್ಥೆ ಅಥವಾ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಇರುತ್ತದೆ.

ಕೇಳುವ ಜಾಗ ಮೂರಾದ ಮೇಲೆ ಕ್ರಮದ ಪ್ರಶ್ನೆ ಬಂತು. ಆ ಕ್ರಮವನ್ನು ಸಾಫ್ಟ್‌ವೇರ್ ಒಳಗೇ ಹೆಣೆದುಬಿಟ್ಟರೆ ಹೊಸ ಜಾಗ ಸೇರಿದಾಗಲೆಲ್ಲ ಕೋಡ್ ತಿದ್ದಬೇಕಾಗುತ್ತದೆ. 1990ರ ದಶಕದ ಆರಂಭದಲ್ಲಿ ಸನ್ ತನ್ನ ಸೋಲಾರಿಸ್ 2 ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಕ್ರಮವನ್ನು ಹೊರಗೆ ತೆಗೆದು ಒಂದು ಫೈಲಿನಲ್ಲಿಟ್ಟಿತು. ಅದೇ 'ನೇಮ್ ಸರ್ವಿಸ್ ಸ್ವಿಚ್'. ಲಿನಕ್ಸ್‌ನ ಮುಖ್ಯ ಲೈಬ್ರರಿ, ಅಂದರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡ್, ಆದ ಜಿಲಿಬ್‌ಸಿ ತನ್ನ 2ನೇ ಆವೃತ್ತಿಯಲ್ಲಿ ಇದನ್ನು ತೆಗೆದುಕೊಂಡಿತು. ಯುನಿಕ್ಸ್ ವಂಶದ ಫ್ರೀಬಿಎಸ್‌ಡಿಯಲ್ಲೂ ಇದೇ ಹೆಸರಿನ ಫೈಲಿದೆ. ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಹೋಸ್ಟ್, ಅಂದರೆ ಯಂತ್ರ, ಹುಡುಕುವ ಕ್ರಮ ನೆಟ್‌ಎಸ್‌ವಿಸಿ.ಕಾನ್ಫ್‌ನಲ್ಲಿರುತ್ತದೆ. ಮ್ಯಾಕ್‌ನಲ್ಲಿ ಎನ್‌ಎಸ್‌ಸ್ವಿಚ್ ಫೈಲು ಇಲ್ಲವೇ ಇಲ್ಲ.

ಚೀಟಿಯಲ್ಲಿ ಏನು ಬರೆದಿದೆ

ಫೈಲು ತೆರೆದರೆ ಸುಮಾರಾಗಿ ಇಂಥ ಸಾಲು ಕಾಣುತ್ತವೆ:

ಪಾಸ್‌ವರ್ಡ್: ಫೈಲ್ಸ್ ಎಸ್‌ಎಸ್‌ಎಸ್
ಗ್ರೂಪ್: ಫೈಲ್ಸ್ ಎಸ್‌ಎಸ್‌ಎಸ್
ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್

ಕೋಲನ್‌ನ ಎಡಗಡೆ ಇರುವುದು ಪ್ರಶ್ನೆಯ ಬಗೆ: ಬಳಕೆದಾರರ ವಿಷಯವಾ, ಗುಂಪಿನದಾ, ಯಂತ್ರದ್ದಾ. ಬಲಗಡೆ ಇರುವುದು ಕೇಳಬೇಕಾದ ಜಾಗಗಳು, ಎಡದಿಂದ ಬಲಕ್ಕೆ. ಕ್ರಮ ಅಂದರೆ ಅಷ್ಟೇ, ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ಕೇಳಲಾಗುತ್ತದೆ. 'ಫೈಲ್ಸ್' ಅಂದರೆ ಇದೇ ಯಂತ್ರದ ಫೈಲು. ಬಳಕೆದಾರರಿಗಾದರೆ ಪಾಸ್‌ವರ್ಡ್ ಫೈಲು, ಯಂತ್ರಗಳಿಗಾದರೆ ಹೋಸ್ಟ್ಸ್ ಫೈಲು. 'ಎಸ್‌ಎಸ್‌ಎಸ್' ಅಂದರೆ ಎಸ್‌ಎಸ್‌ಎಸ್‌ಡಿ ಎಂಬ ಮಧ್ಯವರ್ತಿ. ಅದು ಆಫೀಸಿನ ಡೈರೆಕ್ಟರಿಯನ್ನು ಕೇಳಿ ಬಂದು, ಉತ್ತರವನ್ನು ತನ್ನ ಬಳಿಯೂ ಒಂದಿಷ್ಟು ಹೊತ್ತು ಇಟ್ಟುಕೊಳ್ಳುತ್ತದೆ.

ಸೇವೆಗಳು, ಪ್ರೋಟೋಕಾಲ್‌ಗಳು ಅಂತ ಇನ್ನೂ ಹತ್ತಾರು ಸಾಲು ಇರುತ್ತವೆ. ಮನೆ ಬಳಕೆಗೆ ಅವುಗಳ ತಂಟೆಗೆ ಹೋಗುವ ಅಗತ್ಯ ಬೀಳುವುದಿಲ್ಲ.

ಬಲಗಡೆಯ ಪ್ರತಿ ಪದದ ಹಿಂದೆ ಒಂದು ಪುಟ್ಟ ಪ್ಲಗಿನ್ ಇದೆ. ಜಿಲಿಬ್‌ಸಿ 'ಎಸ್‌ಎಸ್‌ಎಸ್' ಎಂಬ ಪದ ಓದಿದ ಕೂಡಲೇ 'ಲಿಬ್‌ಎನ್‌ಎಸ್‌ಎಸ್_ಎಸ್‌ಎಸ್‌ಎಸ್' ಎಂಬ ಲೈಬ್ರರಿ ಹುಡುಕುತ್ತದೆ. ಅದು ಇನ್‌ಸ್ಟಾಲ್ ಆಗಿಲ್ಲದಿದ್ದರೆ? ಗಲಾಟೆ ಮಾಡದೆ ಮುಂದಿನ ಜಾಗಕ್ಕೆ ಹೋಗುತ್ತದೆ. ಕಾಗುಣಿತ ತಪ್ಪಿದರೂ ಇದೇ ಗತಿ, ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ. 'ಎಲ್ಲ ಸರಿಯಾಗೇ ಬರೆದಿದ್ದೀನಲ್ಲ' ಅಂತ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವವರಲ್ಲಿ ಕೆಲವರ ಕಥೆ ಇಷ್ಟೇ.

'ಇಲ್ಲ' ಬೇರೆ, 'ಫೋನ್ ಎತ್ತಲಿಲ್ಲ' ಬೇರೆ

ಇಲ್ಲಿಯವರೆಗೆ ಸುಲಭ. ಈ ಫೈಲಿನ ನಿಜವಾದ ಗಂಟು ಇರುವುದು ಕ್ರಮದಲ್ಲಿ ಅಲ್ಲ. ಒಂದು ಜಾಗದಿಂದ ಬಂದ ಉತ್ತರವನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನೋದರಲ್ಲಿ.

197ಕ್ಕೆ ಫೋನ್ ಮಾಡಿದರೆ ನಾಲ್ಕರಲ್ಲಿ ಒಂದಾಗುತ್ತಿತ್ತು. ಆಪರೇಟರ್ ನಂಬರ್ ಹೇಳಬಹುದು. 'ಆ ಹೆಸರಲ್ಲಿ ಯಾರೂ ಇಲ್ಲ ಸಾರ್' ಅನ್ನಬಹುದು. ನಮ್ಮ ಫೋನೇ ಸತ್ತಿರಬಹುದು. ಇಲ್ಲಾ ಲೈನ್ ಎಂಗೇಜ್ ಆಗಿ, ಇನ್ನೊಂದು ಸಲ ಮಾಡಬೇಕಾಗಬಹುದು. ಎನ್‌ಎಸ್‌ಸ್ವಿಚ್‌ನಲ್ಲೂ ಸರಿಯಾಗಿ ಈ ನಾಲ್ಕೇ ಫಲಿತಾಂಶ: ಸಕ್ಸೆಸ್, ನಾಟ್‌ಫೌಂಡ್, ಅನ್‌ಅವೇಲ್, ಟ್ರೈಅಗೇನ್.

ಬೇರೇನೂ ಹೇಳದಿದ್ದರೆ ನಿಯಮ ಸರಳ. ಸಿಕ್ಕಿತಾ, ನಿಲ್ಲಿಸು. ಉಳಿದ ಮೂರರಲ್ಲಿ ಯಾವುದಾದರೂ ಮುಂದಿನ ಜಾಗಕ್ಕೆ ಹೋಗು. ನನ್ನ ಅಟ್ಟದ ಕಥೆಯ ಮೊದಲರ್ಧ ಇಲ್ಲೇ ಇದೆ. ಗೋಡೆಯ ಮೇಲಿನ ನಂಬರ್ ಹಳತಾಗಿರಲಿ, ತಪ್ಪಾಗಿರಲಿ, 'ಸಿಕ್ಕಿತು' ಅಂದರೆ ಸಿಕ್ಕಿತು. ಅದು ಸರಿಯಾ ಅಂತ 197 ಅನ್ನು ಯಾರೂ ಕೇಳುವುದಿಲ್ಲ.

ಈ ನಿಯಮವನ್ನು ಬದಲಿಸಬೇಕೆಂದರೆ ಎರಡು ಜಾಗಗಳ ನಡುವೆ ಚೌಕ ಬ್ರಾಕೆಟ್‌ನಲ್ಲಿ ಬರೆಯುತ್ತಾರೆ. ಎಷ್ಟೋ ಉಬುಂಟು ಡೆಸ್ಕ್‌ಟಾಪ್‌ಗಳಲ್ಲಿ ಈ ಸಾಲು ಕಾಣುತ್ತದೆ:

ಹೋಸ್ಟ್ಸ್: ಫೈಲ್ಸ್ ಎಂಡಿಎನ್‌ಎಸ್4_ಮಿನಿಮಲ್ [ನಾಟ್‌ಫೌಂಡ್=ರಿಟರ್ನ್] ಡಿಎನ್‌ಎಸ್

ನೋಡಲು ಮಂತ್ರದ ಹಾಗಿದೆ, ಅಲ್ವಾ? ಬಿಡಿಸಿ ಓದೋಣ. ಮೊದಲು ಹೋಸ್ಟ್ಸ್ ಫೈಲು. ಆಮೇಲೆ ಎಂಡಿಎನ್‌ಎಸ್, ಅಂದರೆ ಸರ್ವರ್ ಯಾವುದೂ ಇಲ್ಲದೆ ಮನೆಯ ನೆಟ್‌ವರ್ಕ್‌ನಲ್ಲೇ ಕೂಗಿ ಕೇಳುವ ಪದ್ಧತಿ: 'ಪ್ರಿಂಟರ್ ಯಾರಪ್ಪಾ?' ಪ್ರಿಂಟರೇ 'ನಾನಿಲ್ಲಿದ್ದೀನಿ' ಅನ್ನುತ್ತದೆ. ಇದಕ್ಕೆಂದೇ 'ಡಾಟ್ ಲೋಕಲ್' ಎಂದು ಕೊನೆಯಾಗುವ ಹೆಸರುಗಳನ್ನು 2013ರಲ್ಲಿ ಅಧಿಕೃತವಾಗಿ ಮೀಸಲಿಟ್ಟರು. ಬ್ರಾಕೆಟ್ ಹೇಳುವುದೇನೆಂದರೆ, ಕೂಗಿ ಕೇಳಿದಾಗ 'ಇಲ್ಲ' ಎಂದು ತೀರ್ಮಾನವಾದರೆ ಅಲ್ಲಿಗೇ ಬಿಟ್ಟುಬಿಡು, ಡಿಎನ್‌ಎಸ್‌ಗೆ ಹೋಗಬೇಡ. ಮನೆಯ ಪ್ರಿಂಟರ್ ಎಲ್ಲಿದೆ ಅಂತ ಹೊರಗಿನ ಸರ್ವರ್ ಕೇಳಿ ಪ್ರಯೋಜನವಿಲ್ಲವಲ್ಲ. ಡಾಟ್ ಲೋಕಲ್ ಅಲ್ಲದ ಹೆಸರು ಬಂದರೆ ಈ ಪ್ಲಗಿನ್ 'ಇಲ್ಲ' ಅನ್ನುವುದಿಲ್ಲ, 'ಇದು ನನ್ನ ಕೆಲಸ ಅಲ್ಲ' ಅನ್ನುತ್ತದೆ. ಹಾಗಾಗಿ ಮಾಮೂಲಿ ವೆಬ್‌ಸೈಟುಗಳು ಡಿಎನ್‌ಎಸ್ ಮೂಲಕ ತೆರೆದುಕೊಳ್ಳುತ್ತವೆ.

ಎಡವಟ್ಟಾಗೋದು ಎಲ್ಲಿ ಅಂದರೆ, ಈ ಮೀಸಲಾತಿ ಬರುವ ಮೊದಲೇ ಎಷ್ಟೋ ಆಫೀಸುಗಳು ತಮ್ಮ ಒಳಗಿನ ಯಂತ್ರಗಳಿಗೆ ಡಾಟ್ ಲೋಕಲ್ ಹೆಸರಿಟ್ಟು, ಅವನ್ನು ತಮ್ಮ ಡಿಎನ್‌ಎಸ್ ಸರ್ವರ್‌ನಲ್ಲಿ ಬರೆದುಕೊಂಡಿದ್ದವು. ಉಬುಂಟು ಲ್ಯಾಪ್‌ಟಾಪ್ ಹಿಡಿದು ಅಲ್ಲಿಗೆ ಹೋದವರಿಗೆ ಇಂಟರ್‌ನೆಟ್ ಪೂರ್ತಿ ಸಿಗುತ್ತದೆ, ಪಕ್ಕದ ಕೋಣೆಯ ಸರ್ವರ್ ಮಾತ್ರ ಸಿಗುವುದಿಲ್ಲ. ಕೂಗಿದರೆ ಯಾರೂ ಓಗೊಡಲಿಲ್ಲ, 'ಇಲ್ಲ' ಎಂದಾಯಿತು, ಬ್ರಾಕೆಟ್ ಅಲ್ಲಿಗೇ ನಿಲ್ಲಿಸಿತು. ಉತ್ತರ ಗೊತ್ತಿದ್ದ ಡಿಎನ್‌ಎಸ್ ಸರ್ವರ್ ತನ್ನ ಸರದಿಗೆ ಕಾಯುತ್ತಲೇ ಉಳಿಯಿತು. ಹೊಸ ಆವೃತ್ತಿಯ ಪ್ಲಗಿನ್ ಸ್ವಲ್ಪ ಜಾಣ. ಡಾಟ್ ಲೋಕಲ್ ಅನ್ನು ಇಲ್ಲಿನ ಡಿಎನ್‌ಎಸ್ ಸರ್ವರೇ ನೋಡಿಕೊಳ್ಳುತ್ತಿದೆಯಾ ಅಂತ ಮೊದಲು ವಿಚಾರಿಸುತ್ತದೆ. ಹಳೆಯದರಲ್ಲಿ ಜನ ಸಾಲನ್ನು ಕೈಯಾರೆ ತಿದ್ದಿ, ಡಿಎನ್‌ಎಸ್ ಅನ್ನು ಮುಂದಕ್ಕೆ ತಂದು ಪಾರಾಗುತ್ತಿದ್ದರು.

ಇನ್ನೊಂದು ಬ್ರಾಕೆಟ್ ಫೆಡೋರಾದಲ್ಲಿ ಕಾಣುತ್ತದೆ: ರಿಸಾಲ್ವ್ [!ಅನ್‌ಅವೇಲ್=ರಿಟರ್ನ್] ಡಿಎನ್‌ಎಸ್. ಆಶ್ಚರ್ಯಸೂಚಕ ಚಿಹ್ನೆಗೆ ಇಲ್ಲಿ 'ಅದೊಂದು ಬಿಟ್ಟು' ಎಂಬ ಅರ್ಥ. ರಿಸಾಲ್ವ್ ಅಂದರೆ ಯಂತ್ರದೊಳಗೇ ಕೂತು ಹೆಸರು ಹುಡುಕಿಕೊಡುವ ಸಿಸ್ಟಮ್‌ಡಿ-ರಿಸಾಲ್ವ್‌ಡಿ ಎಂಬ ಸೇವೆ. ಅದು ಫೋನ್ ಎತ್ತಿತು ಅಂದರೆ ಏನೇ ಹೇಳಲಿ, ಅದೇ ಕೊನೆಯ ಮಾತು. ಫೋನೇ ಸತ್ತಿದ್ದರೆ ಮಾತ್ರ ಮುಂದಕ್ಕೆ ಹೋಗು.

ಅಂದಹಾಗೆ, ಕಾಯುವುದಕ್ಕೂ ಒಂದು ಲೆಕ್ಕ ಇದೆ. ಡಿಎನ್‌ಎಸ್ ಸರ್ವರ್ ಉತ್ತರ ಕೊಡದಿದ್ದರೆ ಜಿಲಿಬ್‌ಸಿ ಮಾಮೂಲಿಯಾಗಿ 5 ಸೆಕೆಂಡು ಕಾಯುತ್ತದೆ, ಒಟ್ಟು 2 ಸಲ ಕೇಳುತ್ತದೆ. ಒಂದೇ ಸರ್ವರ್ ಇದ್ದರೆ ಹತ್ತು ಸೆಕೆಂಡು. ಏನೋ ಒತ್ತಿದ ಮೇಲೆ ಯಂತ್ರ ಹತ್ತು ಸೆಕೆಂಡು ಗರಬಡಿದ ಹಾಗೆ ಕೂತು ಆಮೇಲೆ ಎದ್ದರೆ, ಎಲ್ಲೋ ಒಂದು ಹೆಸರಿನ ಹುಡುಕಾಟ ಸಿಕ್ಕಿಕೊಂಡಿತ್ತು ಅಂತ ನಾನು ಮೊದಲು ಅನುಮಾನಿಸುತ್ತೇನೆ.

ಬಳಕೆದಾರರ ಸಾಲಿನಲ್ಲಿ ತಪ್ಪಿದರೆ

ಹೋಸ್ಟ್ಸ್ ಸಾಲು ಕೆಟ್ಟರೆ ವೆಬ್‌ಸೈಟ್ ತೆರೆಯುವುದಿಲ್ಲ. ಪಾಸ್‌ವರ್ಡ್ ಸಾಲು ಕೆಟ್ಟರೆ ನಾವೇ ಮನೆಯ ಹೊರಗೆ.

ಯಾರೋ 'ಎಲ್‌ಡ್ಯಾಪ್ ಫೈಲ್ಸ್' ಅಂತ ಕ್ರಮ ತಿರುಗಿಸಿ ಬರೆದರು ಅಂದುಕೊಳ್ಳಿ. ಆಫೀಸಿನ ಡೈರೆಕ್ಟರಿ ನೆಟ್ಟಗಿರುವವರೆಗೂ ಏನೂ ತೊಂದರೆಯಿಲ್ಲ. ಒಂದು ದಿನ ಕೇಬಲ್ ಕಿತ್ತುಹೋಗುತ್ತದೆ. ಈಗ ಯಂತ್ರದಲ್ಲಿ ಪ್ರತಿಯೊಂದಕ್ಕೂ ಮೊದಲು ಆ ಸರ್ವರ್‌ಗೆ ಕಾಯಬೇಕು. ಎಲ್‌ಎಸ್ ಒಂದು ಫೈಲಿನ ಮಾಲೀಕರನ್ನು ತೋರಿಸಲೂ ಕಾಯಬೇಕು. ಸರಿಪಡಿಸೋಣ ಅಂತ ಪೂರ್ತಿ ಅಧಿಕಾರ ಇರುವ 'ರೂಟ್' ಎಂಬ ಬಳಕೆದಾರರಾಗಿ ಲಾಗಿನ್ ಆಗಲು ಹೋದರೆ, ರೂಟ್ ಯಾರು ಅಂತಲೂ ಮೊದಲು ಅದೇ ಸತ್ತ ಸರ್ವರನ್ನು ಕೇಳಬೇಕು! ಇದರ ಜೊತೆಗೆ, ಆ ಡೈರೆಕ್ಟರಿಯಲ್ಲಿ ಯಾರಾದರೂ ರೂಟ್ ಎಂಬ ಹೆಸರು ಸೇರಿಸಿಬಿಟ್ಟರೆ ನಿಮ್ಮ ಯಂತ್ರದ ಸ್ವಂತ ರೂಟ್‌ಗಿಂತ ಅವರ ಮಾತು ಮೊದಲು ನಡೆಯುತ್ತದೆ. ಬಳಕೆದಾರರ ವಿಷಯದಲ್ಲಿ ಫೈಲ್ಸ್ ಮೊದಲು ಅನ್ನುವ ವಾಡಿಕೆ ಸುಮ್ನೆ ಬಂದಿದ್ದಲ್ಲ.

ಹಾಗಂತ ಫೈಲ್ಸ್ ಮೊದಲಿದ್ದರೆ ಎಲ್ಲ ಸರಿ ಅಂತಲೂ ಅಲ್ಲ. ಹಿಂದೆ ಲಿನಕ್ಸ್ ಯಂತ್ರಗಳು ಬೂಟ್ ಆಗುವಾಗಲೇ ನಿಂತುಬಿಡುವ ಒಂದು ಕಾಟ ಇತ್ತು. ಯಂತ್ರ ಏಳುವಾಗ ಸಾಧನಗಳನ್ನು ಸಿದ್ಧ ಮಾಡುವ ಯುಡೆವ್ ಒಂದು ಗುಂಪಿನ ಹೆಸರು ಕೇಳುತ್ತದೆ. ಆ ಗುಂಪು ಸ್ಥಳೀಯ ಫೈಲಿನಲ್ಲಿಲ್ಲ. ನಿಯಮದ ಪ್ರಕಾರ ಮುಂದಿನ ಜಾಗ ಎಲ್‌ಡ್ಯಾಪ್. ಆದರೆ ನೆಟ್‌ವರ್ಕ್ ಇನ್ನೂ ಎದ್ದಿಲ್ಲ. ನೆಟ್‌ವರ್ಕ್ ಏಳಬೇಕಾದರೆ ಬೂಟ್ ಮುಂದೆ ಸಾಗಬೇಕು, ಬೂಟ್ ಸಾಗಬೇಕಾದರೆ ಗುಂಪಿನ ಉತ್ತರ ಬರಬೇಕು. ಬೀಗದ ಕೈ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ.

ಗುಂಪುಗಳದ್ದು ಇನ್ನೊಂದು ವಿಶೇಷ. 'ಸುಮಾ ಯಾರು?' ಅಂದರೆ ಮೊದಲ ಉತ್ತರಕ್ಕೇ ನಿಲ್ಲಿಸಬಹುದು. 'ಸುಮಾ ಯಾವ್ಯಾವ ಗುಂಪಿನಲ್ಲಿದ್ದಾರೆ?' ಅಂದರೆ ನಿಲ್ಲಿಸುವ ಹಾಗಿಲ್ಲ. ಕೆಲವು ಗುಂಪು ಇಲ್ಲಿ, ಕೆಲವು ಅಲ್ಲಿ ಇರಬಹುದು. ಹಾಗಾಗಿ ಲಾಗಿನ್ ಆಗುವಾಗ ಜಿಲಿಬ್‌ಸಿ ಸಾಲಿನಲ್ಲಿರುವ ಎಲ್ಲ ಜಾಗಗಳನ್ನೂ ಕೇಳುತ್ತದೆ. ಬಳಕೆದಾರರು ಸ್ಥಳೀಯರೇ ಆಗಿದ್ದರೂ, ಡೈರೆಕ್ಟರಿ ಸರ್ವರ್ ನಿಧಾನವಾದ ದಿನ ಲಾಗಿನ್ ಜಾಸ್ತಿ ಹೊತ್ತು ಹಿಡಿಯುವುದು ಇದಕ್ಕೇ. ಒಂದೇ ಹೆಸರಿನ ಗುಂಪು ಎರಡು ಕಡೆ ಇದ್ದರೆ ಸದಸ್ಯರನ್ನು ಕೂಡಿಸಿಕೊಳ್ಳಲು [ಸಕ್ಸೆಸ್=ಮರ್ಜ್] ಎಂಬ ಬ್ರಾಕೆಟ್ ಕೂಡ ಇದೆ. ಜಿಲಿಬ್‌ಸಿ 2.24ರಿಂದ ಬಂದಿದ್ದು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಎನ್‌ಎಸ್‌ಸ್ವಿಚ್ ಹೇಳುವುದು 'ಇವರು ಯಾರು' ಅಂತ ಮಾತ್ರ. 'ಇವರನ್ನು ಒಳಗೆ ಬಿಡಬಹುದಾ' ಅನ್ನುವುದು ಪ್ಯಾಮ್ ಎಂಬ ಬೇರೆ ವ್ಯವಸ್ಥೆಯ ಕೆಲಸ. ಮದುವೆ ಮನೆಯಲ್ಲಿ ನೆಂಟರ ಪಟ್ಟಿ ಬರೆಯುವವರು ಬೇರೆ, ಬಾಗಿಲಲ್ಲಿ ನಿಂತಿರುವವರು ಬೇರೆ. ಪಟ್ಟಿಯಲ್ಲಿ ಹೆಸರಿದ್ದೂ ಲಾಗಿನ್ ಆಗುತ್ತಿಲ್ಲ ಅಂದರೆ ಹುಡುಕಬೇಕಾದ್ದು ಪ್ಯಾಮ್ ಕಡೆ.

ಡಿಗ್ ಒಂದು ಹೇಳಿತು, ಪಿಂಗ್ ಒಂದು ಹೇಳಿತು

ಈಗ ಅಟ್ಟಕ್ಕೆ ವಾಪಸ್ ಬರೋಣ. ಪಿಂಗ್, ಬ್ರೌಸರ್, ದೂರದ ಯಂತ್ರಕ್ಕೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಇವೆಲ್ಲ ಹೆಸರು ಸಿಕ್ಕಾಗ ಸಾಮಾನ್ಯವಾಗಿ ಜಿಲಿಬ್‌ಸಿಯನ್ನು ಕೇಳುತ್ತವೆ, ಜಿಲಿಬ್‌ಸಿ ಚೀಟಿ ನೋಡಿಕೊಂಡು ಹೋಗುತ್ತದೆ. ಡಿಗ್, ಎನ್‌ಎಸ್‌ಲುಕಪ್ ಹಾಗಲ್ಲ. ಅವು ಡಿಎನ್‌ಎಸ್ ಪರೀಕ್ಷಿಸಲೆಂದೇ ಮಾಡಿದ ಸಲಕರಣೆ. ಚೀಟಿಯನ್ನೂ ನೋಡುವುದಿಲ್ಲ, ಗೋಡೆಯನ್ನೂ ನೋಡುವುದಿಲ್ಲ, ನೇರ 197. ಎರಡು ಉತ್ತರ ಬಂದಿದ್ದರಲ್ಲಿ ಯಾರದೂ ಸುಳ್ಳಿಲ್ಲ. ಬೇರೆ ಬೇರೆಯವರನ್ನು ಕೇಳಿ ಬಂದಿದ್ದವು, ಅಷ್ಟೇ.

ಚೀಟಿಯ ಪ್ರಕಾರ ಏನು ಉತ್ತರ ಬರುತ್ತದೆ ಅಂತ ನೋಡಲು ಸರಿಯಾದ ಕಮಾಂಡ್ 'ಗೆಟ್‌ಎಂಟ್'. 'ಗೆಟ್‌ಎಂಟ್ ಹೋಸ್ಟ್ಸ್ ಅಟ್ಟ' ಕೊಟ್ಟರೆ ಪಿಂಗ್‌ಗೆ ಸಿಗುವ ಉತ್ತರವೇ ಸಿಗುತ್ತದೆ. 'ಗೆಟ್‌ಎಂಟ್ ಪಾಸ್‌ವರ್ಡ್ ಸುಮಾ' ಕೊಟ್ಟರೆ ಆ ಏಳು ಖಾನೆಯ ಸಾಲು ಬರುತ್ತದೆ, ಅದು ಫೈಲಿನಿಂದ ಬಂದಿರಲಿ, ದೂರದ ಸರ್ವರ್‌ನಿಂದ ಬಂದಿರಲಿ. ಒಂದೇ ಜಾಗವನ್ನು ಕೇಳಬೇಕೆಂದರೆ '-ಎಸ್ ಫೈಲ್ಸ್' ಎಂದು ಸೇರಿಸಬಹುದು. ನಾನು ಮೊದಲೇ ಇದನ್ನು ಮಾಡಿದ್ದರೆ ರೂಟರ್‌ಗೆ ಮೂರು ಸಲ ಪುನರ್ಜನ್ಮ ಕೊಡಬೇಕಾಗಿರಲಿಲ್ಲ.

ಡಾಕರ್ ಬಳಸುವವರಿಗೆ ಒಂದು ಕಿವಿಮಾತು. ಆಲ್ಪೈನ್ ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಇಲ್ಲ, ಅದರ ಬದಲು ಮಸಲ್ ಎಂಬ ಪುಟ್ಟ ಲೈಬ್ರರಿ ಇದೆ. ಅದು ಎನ್‌ಎಸ್‌ಸ್ವಿಚ್.ಕಾನ್ಫ್ ಅನ್ನು ಓದುವುದೇ ಇಲ್ಲ. ಆದರೆ ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಆ ಫೈಲನ್ನು ತಾವೇ ಓದಿಕೊಳ್ಳುತ್ತವೆ. ಒಂದು ಕಾಲದಲ್ಲಿ ಆಲ್ಪೈನ್ ಕಂಟೇನರ್‌ನಲ್ಲಿ ಫೈಲು ಇಲ್ಲದೆ, ಗೋ ಪ್ರೋಗ್ರಾಂ ಹೋಸ್ಟ್ಸ್ ಬಿಟ್ಟು ಡಿಎನ್‌ಎಸ್‌ಗೇ ಮೊದಲು ಓಡುತ್ತಿತ್ತು. ಕಂಟೇನರ್ ಹೇಗೆ ಕಟ್ಟಬೇಕು ಅಂತ ಬರೆದಿಡುವ ಎಷ್ಟೋ ಡಾಕರ್‌ಫೈಲುಗಳಲ್ಲಿ 'ಹೋಸ್ಟ್ಸ್: ಫೈಲ್ಸ್ ಡಿಎನ್‌ಎಸ್' ಎಂದು ಬರೆದುಕೊಳ್ಳುವ ಒಂದು ಸಾಲು ಇವತ್ತಿಗೂ ಕಾಣುವುದು ಆ ಕಾಲದ ನೆನಪು.

ಕೈ ಹಾಕುವ ಮುನ್ನ

ಫೈಲು ತಿದ್ದುವುದು ಐದು ನಿಮಿಷದ ಕೆಲಸ. ಮೊದಲು ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಪಾಸ್‌ವರ್ಡ್, ಗ್ರೂಪ್ ಸಾಲು ಮುಟ್ಟುವುದಾದರೆ ಇನ್ನೊಂದು ಟರ್ಮಿನಲ್‌ನಲ್ಲಿ ರೂಟ್ ಆಗಿ ಲಾಗಿನ್ ಆಗಿ, ಅದನ್ನು ಮುಚ್ಚದೆ ಇಟ್ಟುಕೊಳ್ಳಿ. ತಿದ್ದಿದ ಮೇಲೆ ಮೂರನೆಯದೊಂದು ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡಿ. ಆಗಲಿಲ್ಲ ಅಂದರೆ ತೆರೆದಿಟ್ಟ ಕಿಟಕಿಯಿಂದ ಹಳೆಯ ಪ್ರತಿ ವಾಪಸ್ ಹಾಕಬಹುದು.

ರೆಡ್ ಹ್ಯಾಟ್, ಫೆಡೋರಾಗಳಲ್ಲಿ ಈ ಫೈಲನ್ನು ಆಥ್‌ಸೆಲೆಕ್ಟ್ ಎಂಬ ಸಲಕರಣೆ ನಿಭಾಯಿಸುತ್ತದೆ. ಅಲ್ಲಿ ನೇರ ತಿದ್ದಿದ್ದು ಮುಂದೊಂದು ದಿನ ಅಳಿಸಿಹೋಗಬಹುದು, ಹಾಗಾಗಿ ಅದರ ದಾರಿಯಲ್ಲೇ ಹೋಗಬೇಕು. ಫೈಲು ಬದಲಾದದ್ದು ಓಡುತ್ತಿರುವ ಪ್ರೋಗ್ರಾಂಗಳಿಗೆ ಗೊತ್ತಾಗುತ್ತದಾ ಅನ್ನೋದು ಜಿಲಿಬ್‌ಸಿಯ ವಯಸ್ಸಿನ ಮೇಲೆ ಹೋಗುತ್ತದೆ. ಹಳೆಯವು ಶುರುವಿನಲ್ಲಿ ಒಂದೇ ಸಲ ಓದುತ್ತವೆ, ಈಚಿನವು ಬದಲಾವಣೆ ಕಂಡರೆ ಮತ್ತೆ ಓದುತ್ತವೆ. ಇದರ ಮೇಲೆ ಎಸ್‌ಎಸ್‌ಎಸ್‌ಡಿ, ರಿಸಾಲ್ವ್‌ಡಿ, ಬ್ರೌಸರ್ ಎಲ್ಲವೂ ಹಳೆಯ ಉತ್ತರವನ್ನು ಸ್ವಲ್ಪ ಹೊತ್ತು ಜೇಬಿನಲ್ಲಿಟ್ಟುಕೊಂಡಿರುತ್ತವೆ.

ನನ್ನ ಲ್ಯಾಪ್‌ಟಾಪಿನ ಎನ್‌ಎಸ್‌ಸ್ವಿಚ್‌ನಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಹೋಸ್ಟ್ಸ್ ಫೈಲು ತೆರೆದೆ. ಕೊನೆಯಲ್ಲಿ 192.168.1.20, ಅಟ್ಟ ಅಂತ ಒಂದು ಸಾಲು. ಅದರ ಮುಂದೆ ನನ್ನದೇ ಟಿಪ್ಪಣಿ: 'ತಾತ್ಕಾಲಿಕ, ನಾಳೆ ತೆಗೆಯಬೇಕು'. ಬರೆದು ಎರಡು ವರ್ಷವಾಗಿತ್ತು. ಸಾಲು ಅಳಿಸಿ ಗೆಟ್‌ಎಂಟ್ ಕೊಟ್ಟೆ: 192.168.1.35. ಪಿಂಗ್‌ಗೂ ಅಟ್ಟ ಸಿಕ್ಕಿತು. ಫೋಟೊ ಆಪ್ ಮಾತ್ರ ಇನ್ನೂ 20ನೇ ನಂಬರಿನ ಬಾಗಿಲನ್ನೇ ಬಡಿಯುತ್ತಿತ್ತು, ಅದನ್ನೊಮ್ಮೆ ಮುಚ್ಚಿ ತೆರೆಯಬೇಕಾಯಿತು.